ನಾಲ್ಕು ಸಲ ಹಗ್ಗ ಎಳೆದರೆ

ನನ್ನ ಹೆಂಡತಿಯನ್ನು ನಾನು ಮೊದಲು ನೋಡಿದ್ದು ಬಾವಿಕಟ್ಟೆಯ ಮೇಲೆ, ಇಷ್ಟಪಟ್ಟಿದ್ದು ಬಾವಿಯ ಒಳಗೆ. ತಮಾಷೆಯಲ್ಲ, ನಿಜ. ಅವಳು ಕೆಳಗೆ, ನಾನು ಮೇಲೆ, ನಡುವೆ ನಲವತ್ತು ಅಡಿ ಕತ್ತಲು. ಇಂಥ ಹೆಣ್ಣು ನೋಡುವ ಶಾಸ್ತ್ರ ಇಡೀ ಕೊರಟಗೆರೆ ತಾಲ್ಲೂಕಿನಲ್ಲಿ ಇನ್ಯಾರಿಗೂ ಆಗಿರಲಿಕ್ಕಿಲ್ಲ.

ಅದು 1983ರ ಮಾರ್ಚ್. ಹೊಳವನಹಳ್ಳಿಯಿಂದ ಎರಡು ಮೈಲಿ ಆಚೆ ಒಂದು ಸಣ್ಣ ಅಂಚೆ ಕಚೇರಿಯಲ್ಲಿ ನಾನು ಗುಮಾಸ್ತ. ಹೆಸರು ದೊಡ್ಡರಂಗಯ್ಯ. ದೊಡ್ಡದು ಅಂತ ನನ್ನಲ್ಲಿ ಇದ್ದದ್ದು ಆ ಹೆಸರು ಮಾತ್ರ. ಹಳೇ ಮಸಿ ಮೆತ್ತಿಕೊಂಡು ತಾರೀಖಿನ ಮೊಹರು ಸರಿಯಾಗಿ ಮೂಡುತ್ತಿರಲಿಲ್ಲ. ಹಿತ್ತಲ ಬಾವಿಕಟ್ಟೆಯ ಮೇಲೆ ಕೂತು ತೆಂಗಿನ ನಾರಿನಲ್ಲಿ ಉಜ್ಜುತ್ತಿದ್ದೆ. ಕೈ ಜಾರಿತು. ಗುಳಕ್ ಅಂತ ಒಂದು ಸದ್ದು, ಅಷ್ಟೇ. ಮೊಹರು ಕಳೆದವನ ನೌಕರಿ ಹೋದಂತೆಯೇ ಲೆಕ್ಕ.

ಯಾರೋ ಹೋಗಿ ಚಿಕ್ಕನರಸಯ್ಯನನ್ನು ಕರೆತಂದರು. ಸುತ್ತಲ ಊರುಗಳ ಬಾವಿಯ ಹೂಳು ತೆಗೆಯುವವನು, ಬಿದ್ದ ಕೊಡ ಎತ್ತಿಕೊಡುವವನು ಅವನೇ. ಜೊತೆಗೆ ಹೆಗಲ ಮೇಲೆ ಹಗ್ಗದ ಸುರುಳಿ ಹೊತ್ತ ಹುಡುಗಿ. ಹಗ್ಗ ಹೊರಲು ಬಂದವಳು ಅಂದುಕೊಂಡೆ. ನೋಡಿದರೆ ಅವನು ಹಗ್ಗವನ್ನು ಕಟ್ಟಿದ್ದು ಅವಳ ಕಂಕುಳಿಗೆ. ಅವಳು ಸೀರೆಯನ್ನು ಕಚ್ಚೆ ಹಾಕಿ ಬಿಗಿದು ನನ್ನ ಕಡೆ ತಿರುಗಿದಳು.

"ಎಷ್ಟು ದೊಡ್ಡ ಕೊಡ ಸಾಮಿ?"

"ಕೊಡ ಅಲ್ಲಮ್ಮ. ಮೊಹರು. ಇಷ್ಟೇ ಇದೆ," ಅಂತ ಹೆಬ್ಬೆರಳು ತೋರಿಸಿದೆ.

"ಅಯ್ಯೋ ಶಿವನೇ! ಬಾವಿಗೆ ಹಾಕೋ ಅಂಥಾ ಸಾಮಾನಾ ಅದು?" ಅಂದವಳು ನಕ್ಕು ಇಳಿದೇಬಿಟ್ಟಳು.

ನಾನು ಚಿಕ್ಕನರಸಯ್ಯನಿಗೆ ಏನೇನೋ ಕೇಳಿದೆ. ಅವನು ತುಟಿ ಎರಡು ಮಾಡಲಿಲ್ಲ. ಬಾಯಲ್ಲಿದ್ದ ಎಲೆಅಡಿಕೆ ಜಗಿಯುವುದನ್ನೂ ನಿಲ್ಲಿಸಿದ್ದ. ಕಣ್ಣು ಹಗ್ಗದ ಮೇಲೆ. ನಾನು ಬಗ್ಗಿ ನೋಡಿದೆ. ಅಷ್ಟು ಆಳದಲ್ಲಿ ಅವಳ ಮುಖ ಒಂದು ಸಲ ನೀರಿನ ಮೇಲೆ ಬಂದು, ಉಸಿರು ಎಳೆದುಕೊಂಡು, ಮತ್ತೆ ಮುಳುಗಿತು. ಅವಳು ಮೂರನೇ ಸಲ ಮುಳುಗಿದಾಗ ನನಗೆ ಮೊಹರು ಮರೆತುಹೋಗಿತ್ತು. ಆ ಹುಡುಗಿ ಮೇಲೆ ಬಂದರೆ ಸಾಕಪ್ಪ ಅನ್ನಿಸಿತ್ತು.

ಬಂದಳು. ಕೂದಲಿನಿಂದ ಕೆಸರು ನೀರು ಇಳಿಯುತ್ತಿತ್ತು. ನನ್ನ ಕೈ ಹಿಡಿದು ಅಂಗೈಯನ್ನು ಬಿಡಿಸಿ, ಅದರ ಮೇಲೆ ಮೊಹರನ್ನು ಒತ್ತಿಯೇ ಕೊಟ್ಟಳು. "ನೋಡ್ಕಳಿ, ಇದೇನಾ?" ಅಂಗೈಯಲ್ಲಿ ಆವತ್ತಿನ ತಾರೀಖು ಮಸುಕಾಗಿ ಮೂಡಿತ್ತು. ಎರಡು ದಿನ ಎಡಗೈಯಲ್ಲೇ ಊಟ ಮಾಡಿದೆ, ಅಳಿಸಬಾರದು ಅಂತ.

ಆಮೇಲೆ ಚಿಕ್ಕನರಸಯ್ಯ ಬಾಯಿ ಬಿಟ್ಟ. "ತೆಪ್ಪು ತಿಳೀಬ್ಯಾಡಿ ಸಾಮಿ. ಹಗ್ಗ ಹಿಡ್ದೋನು ಮಾತಾಡಂಗಿಲ್ಲ, ಅತ್ಲಾಗಿ ಇತ್ಲಾಗಿ ನೋಡಂಗಿಲ್ಲ. ಒಂದು ಎಳೆದ್ರೆ ತಳ ಮುಟ್ಟಿದೆ ಅಂತ. ಎರಡು ಎಳೆದ್ರೆ ಹಗ್ಗ ಸಡಿಲ ಬುಡು ಅಂತ. ಮೂರು ಎಳೆದ್ರೆ ಮೇಲಕ್ಕೆ ಎಳ್ಕೋ ಅಂತ. ಅದ್ಕೇ ಇಳಿಯೋರು ಹಗ್ಗಾನ ಕಂಡೋರ ಕೈಗೆ ಕೊಡಲ್ಲ. ನಮ್ಮೋರ ಕೈಗೇ ಕೊಡಾದು." ಹೀಗೇ ಮಾತು ಮುಂದುವರಿದು, ನಿಮ್ಮದು ಯಾವೂರು, ಯಾರ ಮಗ ಅಂತ ಕೇಳಿದ. ಚಿಕ್ಕಹನುಮಯ್ಯನ ಮಗ, ಇಂಥ ಊರಿನ ಕೇರಿ ಅಂದೆ. ಅವನ ಮುಖ ಅರಳಿತು. ಅವನ ಮಗಳ ಮುಖ ಕೆಂಪಾಯಿತು.

"ನೀವೂ ನಮ್ಮೋರೇನಾ? ಅಷ್ಟೊತ್ತಿಂದ ಸಾಮಿ ಸಾಮಿ ಅನ್ನಿಸ್ಕೊಂಡು ಸುಮ್ಕೆ ನಿಂತಿದ್ರಲ್ಲ! ಬಾಯಿಲ್ವಾ ನಿಮ್ಗೆ?" ಅಂದಳು ಹುಡುಗಿ.

ಇಲ್ಲ. ಅದೇ ನನ್ನ ರೋಗ. ಬಾಯಿ ತೆರೆಯಬೇಕಾದ ಹೊತ್ತಿಗೆ ನನ್ನ ಬಾಯಿ ಬೀಗ ಹಾಕಿಕೊಳ್ಳುತ್ತದೆ. ಅವಳು ಆ 'ಸಾಮಿ'ಯನ್ನು ಇವತ್ತಿನವರೆಗೂ ಬಿಟ್ಟಿಲ್ಲ. ಅವಳ ಹೆಸರು ಚಿಕ್ಕಹನುಮಕ್ಕ. ನನಗೆ ಹನುಮಿ.

ಮುಂದಿನ ವರ್ಷ ಮದುವೆಯ ಮಾತುಕತೆಗೆ ಕೂತೆವು. ನನ್ನ ಅಮ್ಮ ಈಶ್ವರಮ್ಮ ಹುಡುಗಿಯನ್ನು ಹತ್ತಿರ ಕೂರಿಸಿಕೊಂಡು ತಲೆ ಸವರಿದಳು. ಆಮೇಲೆ ಗಟ್ಟಿ ದನಿಯಲ್ಲಿ ಹೇಳಿದಳು. "ನೋಡವ್ವ, ನಮ್ಮ ತಾತ ಮುತ್ತಾತರೆಲ್ಲ ಊರೋರ ಬಾವೀಲಿ ಕೆಸರೆತ್ತೀ ಎತ್ತೀ ಸತ್ರು. ಅದೇ ಬಾವೀಲಿ ಒಂದು ಚೆಂಬು ನೀರು ಸೇದಕ್ಕೆ ಬುಡ್ಲಿಲ್ಲ. ನನ್ನ ಸೊಸೆ ಇನ್ನೊಬ್ರ ಬಾವಿಗೆ ಇಳಿಯಂಗಿಲ್ಲ. ಭಾಷೆ ಕೊಡು." ಹನುಮಿ ಒಂದು ಗಳಿಗೆ ನನ್ನ ಮುಖ ನೋಡಿದಳು. ನಾನು ಚಾಪೆಯ ಅಂಚಿನ ಹೆಣಿಗೆ ನೋಡುತ್ತಿದ್ದೆ. ಅವಳು ಅಮ್ಮನ ಕೈಮೇಲೆ ಕೈಯಿಟ್ಟು ಭಾಷೆ ಕೊಟ್ಟಳು.

ಮದುವೆಯಾಗಿ ವರ್ಷ ತುಂಬುವುದರೊಳಗೆ ಚಿಕ್ಕನರಸಯ್ಯ ಜ್ವರದಲ್ಲಿ ಹೋದ. ಅವನ ಹಗ್ಗ ನಮ್ಮ ಮನೆಯ ಅಟ್ಟಕ್ಕೆ ಬಂತು. ನಮ್ಮ ಸಂಸಾರಕ್ಕೆ ಯಾವ ಕೊರತೆಯೂ ಇರಲಿಲ್ಲ. ಕೊರಟಗೆರೆ ಹೊರಗೆ ಎರಡು ಕೋಣೆಯ ಸ್ವಂತ ಮನೆಯಾಯಿತು, ಹಿತ್ತಲಲ್ಲಿ ನಮ್ಮದೇ ಬಾವಿ. ಹನುಮಿ ನಗುತ್ತಿದ್ದಳು, ನನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದಳು. ಆದರೆ ನೀರು ಸೇದುವಾಗ ಒಮ್ಮೊಮ್ಮೆ ಕೊಡವನ್ನು ಕಟ್ಟೆಯ ಮೇಲಿಟ್ಟು, ಒಳಗೆ ನೋಡುತ್ತ ನಿಂತುಬಿಡುತ್ತಿದ್ದಳು. ಆಗೆಲ್ಲ ನಾನು ಉಣ್ಣುತ್ತಿದ್ದ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದೆ. ಇವಳ ನೀರನ್ನು ನಾನು ಕಿತ್ತುಕೊಂಡೆ, ಆವತ್ತು ಒಂದು ಮಾತು ಆಡಿದ್ದರೆ ಆಗುತ್ತಿತ್ತು, ಆಡಲಿಲ್ಲ. ಇವಳು ಒಳಗೊಳಗೇ ನನ್ನನ್ನು ಶಪಿಸುತ್ತಿದ್ದಾಳೆ ಅಂತಲೇ ನಂಬಿದ್ದೆ.

1987ರಲ್ಲಿ ಒಂದು ದಿನ ಟಪಾಲು ವಿಂಗಡಿಸುವಾಗ ಬಣ್ಣದ ಚಿತ್ರದ ಕಾರ್ಡೊಂದು ಕೈಗೆ ಬಂತು. ಲಕ್ಷದ್ವೀಪದಿಂದ ಯಾರೋ ಮಧುಗಿರಿಯ ಯಾರಿಗೋ ಹಾಕಿದ್ದು. ನೀಲಿ ನೀರಿನ ತಳದಲ್ಲಿ ಹವಳದ ಗಿಡಗಳು, ಅವುಗಳ ನಡುವೆ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡ ಮನುಷ್ಯ. ಬೇರೆಯವರ ಕಾರ್ಡು ಮನೆಗೆ ಒಯ್ಯುವುದು ತಪ್ಪು. ಒಯ್ದೆ. ಒಂದು ರಾತ್ರಿ ಇಟ್ಟುಕೊಂಡು ಬೆಳಗ್ಗೆ ಮಧುಗಿರಿ ಚೀಲಕ್ಕೆ ಹಾಕಿದೆ. ಹನುಮಿ ಆ ಚಿತ್ರವನ್ನು ದೀಪದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಇವನ ಹಗ್ಗ ಎಲ್ಲಿ ಸಾಮಿ?"

"ಹಗ್ಗ ಇಲ್ಲ ಕಣೇ. ಗಾಳಿ ಬೆನ್ನಮೇಲೇ ಇರುತ್ತೆ."

"ಹಗ್ಗ ಇಲ್ದೆ ಹೆಂಗ್ ಇಳಿದ?" ಅಂದು ಕಾರ್ಡು ವಾಪಸ್ಸು ಕೊಟ್ಟಳು.

ಆ ಪ್ರಶ್ನೆ ನನಗೆ ಅರ್ಥವಾಗಲಿಲ್ಲ. ಕೇಂದ್ರ ಸರ್ಕಾರದ ನೌಕರನಿಗೆ ನಾಲ್ಕು ವರ್ಷಕ್ಕೊಮ್ಮೆ ದೇಶದ ಯಾವ ಮೂಲೆಗಾದರೂ ಹೋಗಿಬರಲು ಎಲ್‌ಟಿಸಿ ಅಂತ ಸರ್ಕಾರದ ಖರ್ಚು ಸಿಗುತ್ತಿತ್ತು. ಆಫೀಸಿನವರೆಲ್ಲ ಅದರಲ್ಲಿ ಕಾಶಿಗೋ ರಾಮೇಶ್ವರಕ್ಕೋ ಹೋಗುತ್ತಿದ್ದರು. ನಾನು ಲಕ್ಷದ್ವೀಪ ಅಂತ ಬರೆದೆ. ಮೇಲಿನವರು ಕನ್ನಡಕ ಏರಿಸಿ ನನ್ನನ್ನು ನೋಡಿ, "ಅಲ್ಲಿ ಯಾವ ದೇವರಿದೆಯಯ್ಯಾ?" ಅಂದರು.

ಅಮ್ಮನಿಗೆ ಮಾತ್ರ ಸಮುದ್ರ ನೋಡಲು ಅಂತ ಹೇಳಿದೆ. ಹೊರಡುವ ಬೆಳಿಗ್ಗೆ ಅತ್ತೆ ಸೊಸೆ ಹಿತ್ತಲಲ್ಲಿ ಏನೋ ಪಿಸುಗುಟ್ಟುತ್ತಿದ್ದರು. ನಾನು ಬಂದೊಡನೆ ಸುಮ್ಮನಾದರು.

1988ರ ಜನವರಿ. ಕೊಚ್ಚಿಯಿಂದ ಹಡಗು ಹತ್ತಿ ದ್ವೀಪ ಮುಟ್ಟಿದೆವು. ರೆಸಾರ್ಟ್ ಅಂದರೆ ತೆಂಗಿನ ಗರಿ ಹೊದಿಸಿದ ಹತ್ತು ಗುಡಿಸಲು. ಹನುಮಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

"ಗುಡಿಸ್ಲು ಬುಟ್ಟು ಮನೆ ಕಟ್ಟೋಕೆ ನಮ್ಮಪ್ಪಂದಿರು ಅಷ್ಟು ಒದ್ದಾಡಿದ್ರು. ನೀವು ರಜ ಹಾಕಿ ಗುಡಿಸ್ಲಿಗೆ ಕರ್ಕೊಂಡ್ ಬಂದಿದೀರ!"

ಆದರೆ ನೀರು ಕಂಡ ತಕ್ಷಣ ಚಪ್ಪಲಿ ಬಿಟ್ಟು ಇಳಿದಳು. ಮೊಣಕಾಲು ಮಟ್ಟದ ನೀರಲ್ಲಿ ಕಾಲ್ಬೆರಳು, ಕಾಲುಂಗುರ, ಮರಳಿನ ಒಂದೊಂದು ಕಾಳೂ ಕಾಣುತ್ತಿತ್ತು. ಅವಳು ಸೀರೆ ಎತ್ತಿ ಹಿಡಿದು ತನ್ನ ಪಾದವನ್ನೇ ನೋಡುತ್ತ ನಿಂತಳು. ಅವಳ ರೆಪ್ಪೆ ಒದ್ದೆಯಾಗಿತ್ತು. ನಾನು ಕರ್ಚೀಫು ಕೊಡಲು ಹೋದೆ. "ಸಮುದ್ರದ ಪಕ್ಕ ನಿಂತ್ಕೊಂಡು ಒರೆಸ್ಕೊಳ್ಳೋದಾ? ಇಟ್ಕಳಿ," ಅಂದಳು.

ಡೈವಿಂಗ್ ಕಲಿಸುವವರು ದ್ವೀಪದವರೇ, ಮಂಗಳೂರಿನಲ್ಲಿ ಹತ್ತು ವರ್ಷ ಇದ್ದು ಕನ್ನಡ ಕಲಿತಿದ್ದರು. ಹನುಮಿ ಅವರಿಗೆ ಸಮುದ್ರದ ಮೇಷ್ಟ್ರು ಅಂತ ಹೆಸರಿಟ್ಟಳು. ಮೇಷ್ಟ್ರು ಕಣ್ಣಿಗೆ ಕಟ್ಟುವ ಕನ್ನಡಿ, ಉಸಿರಾಡುವ ರಬ್ಬರ್ ನಳಿಕೆ ಎಲ್ಲ ತೋರಿಸಿ, "ಬನ್ನಿ ಅಮ್ಮ, ಹೆದರಿಕೆ ಏನೂ ಇಲ್ಲ," ಅಂದರು.

"ನಾನೊಲ್ಲೆ," ಅಂದಳು ಹನುಮಿ.

ಪಕ್ಕಕ್ಕೆ ಕರೆದು, "ಅಮ್ಮನಿಗೆ ಹೇಳಲ್ಲ ಕಣೇ. ಇಷ್ಟಕ್ಕೂ ಇದು ಬಾವಿ ಅಲ್ವಲ್ಲ," ಅಂದೆ.

ಅವಳು ಕಣ್ಣು ಕಿರಿದು ಮಾಡಿದಳು. "ಲಾಯರ್ ಮಾತು ಕಲ್ತಿದೀರ. ಅಷ್ಟು ಆಸೆ ಇದ್ರೆ ನೀವೇ ಇಳೀರಿ ಸಾಮಿ."

ಈಜು ಬಾರದ ನಾನು ರೋಷಕ್ಕೆ ಇಳಿದೆ. ಸೊಂಟದ ಮಟ್ಟದ ನೀರಲ್ಲಿ ಮುಖ ಮುಳುಗಿಸಿದ್ದೇ ತಡ, ಮೂಗಿನಲ್ಲಿ, ಕಿವಿಯಲ್ಲಿ, ತಲೆಬುರುಡೆಯಲ್ಲೆಲ್ಲ ಉಪ್ಪು. ಕೆಮ್ಮುತ್ತ ಎದ್ದರೆ ದಡದಲ್ಲಿ ಹನುಮಿ ಹೊಟ್ಟೆ ಹಿಡಿದು ನಗುತ್ತಿದ್ದಳು. ಮೂರು ವರ್ಷದಲ್ಲಿ ಹಾಗೆ ನಕ್ಕಿರಲಿಲ್ಲ. ಇನ್ನೆರಡು ಸಲ ಬೇಕಂತಲೇ ಮುಳುಗಿದೆ.

ಎರಡನೆಯ ದಿನ ತಳಕ್ಕೆ ಗಾಜು ಹಾಕಿದ ದೋಣಿಯಲ್ಲಿ ಕೂತೆವು. ಬೇರೆ ಪ್ರವಾಸಿಗರು ಕಿರುಚುತ್ತಿದ್ದರು, ಬೆರಳು ತೋರಿಸುತ್ತಿದ್ದರು. ಹನುಮಿ ಮಾತ್ರ ಗಾಜಿಗೆ ಹಣೆ ಒತ್ತಿ ಕೂತವಳು ದೋಣಿ ದಡಕ್ಕೆ ಬಂದರೂ ಏಳಲಿಲ್ಲ. ಅವಳ ಎರಡೂ ಅಂಗೈ ಗಾಜಿನ ಮೇಲಿದ್ದವು. ಅದನ್ನು ನೋಡಿ ನನಗೆ ಇನ್ನು ತಡೆಯಲಾಗಲಿಲ್ಲ. ಸಾಯಂಕಾಲ ಮರಳಿನ ಮೇಲೆ ಕೂತು, ನಾಲ್ಕು ವರ್ಷದಿಂದ ಬೀಗ ಹಾಕಿದ್ದ ಬಾಯಿ ತೆರೆದೆ.

"ಹನುಮಿ, ಆವತ್ತು ಅಮ್ಮ ಭಾಷೆ ಕೇಳಿದಾಗ ನಾನು ಸುಮ್ಮನಿದ್ದೆ. ನಿನ್ನ ನೀರನ್ನ ಕಿತ್ಕೊಂಡೆ. ಅದನ್ನ ವಾಪಸ್ ಕೊಡಬೇಕು ಅಂತಲೇ ಇಲ್ಲಿಗೆ ಕರ್ಕೊಂಡು ಬಂದೆ. ನೀನು ನನ್ನನ್ನ ಕ್ಷಮಿಸದೇ ಇದ್ರೂ ಪರವಾಗಿಲ್ಲ, ಒಂದು ಸಲ ಇಳಿ."

ಅವಳು ನನ್ನನ್ನೇ ಮಿಕಮಿಕ ನೋಡಿದಳು.

"ಅಲ್ಲ, ಇಷ್ಟು ದಿವ್ಸ ಇದನ್ನ ಹೊಟ್ಟೇಲಿಟ್ಕೊಂಡು ತಿರುಗ್ತಿದ್ರಾ? ಅದ್ಕೇನಾ ನಾನು ಬಾವಿ ತಾವ ನಿಂತ್ರೆ ಊಟ ಬುಟ್ಟು ಎದ್ದೋಗ್ತಿದ್ದುದು? ನಾನು ನನ್ನ ಅಡಿಗೆ ಚೆನ್ನಾಗಿಲ್ಲ ಅಂತ ತಿಳ್ಕೊಂಡಿದ್ದೆ!"

"ಮತ್ತೆ ಯಾಕೆ ಇಳಿಯಲ್ಲ ಅಂದೆ?"

"ಅತ್ತೆ ತಾವ ಹೊರಡೋಕ್ ಮುಂಚೇನೇ ಕೇಳ್ಕೊಂಡೆ. 'ಇನ್ನೊಬ್ರ ಕೆಸರಿಗೆ ಇಳೀಬ್ಯಾಡ ಅಂದೆ, ನಿನ್ನ ಖುಸಿಗೆ ಬ್ಯಾಡ ಅಂದ್ನೇನೇ ಹುಚ್ಚಿ' ಅಂದ್ರು. ನನ್ನ ಕಷ್ಟ ಅದಲ್ಲ ಸಾಮಿ." ಅವಳ ದನಿ ತಗ್ಗಿತು. "ಅಪ್ಪ ಹೋದ್ಮೇಲೆ ಹಗ್ಗಾನ ಯಾರ ಕೈಗೆ ಕೊಡ್ಲಿ? ಅಟ್ಟದ ಮೇಲೆ ಐತೆ. ನೀವು ಒಂದ್ ದಿವ್ಸಾನಾದ್ರೂ ಅದನ್ನ ಇಳಿಸಿ, ಇಳೀತೀಯಾ ಹನುಮಿ, ನಾನು ಹಿಡ್ಕೋತೀನಿ ಅಂದ್ರಾ? ಕೇಳ್ತೀರ ಕೇಳ್ತೀರ ಅಂತ ನಾನೂ ಕಾದೆ."

ನನಗೆ ನಾಚಿಕೆಯಾಯಿತು. ಅದರ ಹಿಂದೆಯೇ, ಏನು ಹೇಳಲಿ, ಇಂಥ ಹೆಣ್ಣು ನನಗಾಗಿ ಕಾದಳಲ್ಲ ಅಂತ ಕಣ್ಣು ತುಂಬಿತು. ಅವಳ ಕೈ ಹಿಡಿದುಕೊಂಡೆ.

"ಇಳೀತೀಯಾ ಹನುಮಿ? ನಾನು ಹಿಡ್ಕೋತೀನಿ."

"ನಿಮ್ಗೆ ದೋಣೀಲಿ ಕೂತ್ರೆ ವಾಂತಿ ಬರುತ್ತೆ."

"ಬರಲಿ."

ಅವಳು ನನ್ನ ಅಂಗೈಯನ್ನು ಬಿಡಿಸಿ ನೋಡಿದಳು, ಆವತ್ತು ಬಾವಿಕಟ್ಟೆಯಲ್ಲಿ ಬಿಡಿಸಿದ ಹಾಗೆಯೇ. "ಈ ಮೆತ್ತನೆ ಕೈನಾ?" ಅಂದಳು. ಆದರೆ ಕೈ ಬಿಡಲಿಲ್ಲ.

ಬೆಳಿಗ್ಗೆ ಹಗ್ಗದ ಮಾತು ಕೇಳಿ ಸಮುದ್ರದ ಮೇಷ್ಟ್ರು ತಲೆ ಚಚ್ಚಿಕೊಂಡರು. "ಮಾರಾಯ್ರೆ, ಹಗ್ಗ ಎಲ್ಲ ಬೇಡ. ಹವಳಕ್ಕೆ ಸಿಕ್ಕಿಕೊಳ್ತದೆ. ಪಕ್ಕದಲ್ಲಿ ನಾನು ಉಂಟಲ್ಲ?"

"ನೀವು ಉಂಟು ಸರಿ. ನೀವು ನಂಗೇನಾಗ್ಬೇಕು?" ಅಂದಳು ಹನುಮಿ.

ಮೇಷ್ಟ್ರು ಸೋತರು. ಹವಳದ ಪಕ್ಕದಲ್ಲಿ ಮರಳಿನ ತಳ ಇರುವ, ಮೂರಾಳು ಆಳದ ಜಾಗ ಆರಿಸಿದರು. ಹನುಮಿ ನನ್ನ ಅಂಗಿ, ನನ್ನ ಪೈಜಾಮ ತೊಟ್ಟು, ಅದರ ಮೇಲೆ ಸಿಲಿಂಡರ್ ಹೊತ್ತಳು. ದೋಣಿಯ ಹಗ್ಗವನ್ನು ಹಲ್ಲಲ್ಲಿ ಕಚ್ಚಿ ಪರೀಕ್ಷೆ ಮಾಡಿ, ಅಪ್ಪ ಹಾಕುತ್ತಿದ್ದ ಗಂಟು ಹಾಕಿಕೊಂಡು, ಇನ್ನೊಂದು ತುದಿಯನ್ನು ನನ್ನ ಕೈಗಿಟ್ಟಳು. ಕನ್ನಡಿಯ ಹಿಂದಿನಿಂದ ಅವಳ ಕಣ್ಣು ಒಂದು ಸಲ ನನ್ನ ಮೇಲೆ ನಿಂತಿತು. ಇಳಿದಳು.

ದೋಣಿ ಅಲ್ಲಾಡುತ್ತಿತ್ತು. ಕುಡಿದ ಕಾಫಿಯೆಲ್ಲ ನನ್ನ ಬಾಯಿಗೆ ಬಂತು. ಕತ್ತು ತಿರುಗಿಸುವ ಹಾಗಿಲ್ಲ, ಹಾಗಾಗಿ ನನ್ನ ಮಡಿಲಿಗೇ ವಾಂತಿ ಮಾಡಿಕೊಂಡೆ, ಹಗ್ಗದಿಂದ ಕಣ್ಣು ತೆಗೆಯಲಿಲ್ಲ. ಒಂದು ಎಳೆತ ಬಂತು. ತಳ ಮುಟ್ಟಿದಳು. ಎರಡು ಎಳೆತ. ಸಡಿಲ ಬಿಟ್ಟೆ. ಆಮೇಲೆ ಬಹಳ ಹೊತ್ತು ಏನೂ ಇಲ್ಲ. ಹಗ್ಗ ನನ್ನ ಕೈಯಲ್ಲಿ ಸಣ್ಣಗೆ ಮಿಡಿಯುತ್ತಿತ್ತು, ಅಷ್ಟೇ.

ಇದ್ದಕ್ಕಿದ್ದಂತೆ ಎಳೆತ. ಒಂದು. ಎರಡು. ಮೂರು. ನಾಲ್ಕು.

ನಾಲ್ಕು? ಚಿಕ್ಕನರಸಯ್ಯ ನಾಲ್ಕು ಅಂತ ಹೇಳಿರಲೇ ಇಲ್ಲ! ಮೂರಕ್ಕಿಂತ ಹೆಚ್ಚು ಅಂದರೆ ಪ್ರಾಣ ಹೋಗುತ್ತಿದೆ ಅಂತಲೇ ಲೆಕ್ಕ ಅಂದುಕೊಂಡೆ. "ಹನುಮೀ" ಅಂತ ಅರಚಿಕೊಂಡು ಹಗ್ಗ ಜಗ್ಗತೊಡಗಿದೆ. ಅಂಗೈ ಸುಲಿದುಹೋಯಿತು. ಅವಳು ಬುರುಬುರು ಗುಳ್ಳೆಗಳ ನಡುವೆ ಮೇಲೆ ಬಂದು, ನಳಿಕೆ ಕಿತ್ತು ನನ್ನನ್ನು ಬೈದಳು.

"ಯಾಕ್ ಎಳೆದ್ರಿ? ಅರಿಶಿನದ ಬಣ್ಣದ ಮೀನು, ಕಪ್ಪು ಪಟ್ಟೆ, ಮೂಗು ತಾವ ಬಂದು ನನ್ನನ್ನೇ ನೋಡ್ತಿತ್ತು! ಓಡೋಯ್ತು!"

ಮೇಷ್ಟ್ರೂ ಪಕ್ಕದಲ್ಲಿ ತಲೆ ಎತ್ತಿ, "ಹಾಗೆ ರಪ್ಪಂತ ಎಳೀಬಾರದು ಮಾರಾಯ್ರೆ! ಆಳ ಕಡಿಮೆ ಇತ್ತು, ಬಚಾವು," ಅಂತ ಗದರಿದರು.

"ನಾಲ್ಕು ಎಳೆದೆಯಲ್ಲೇ! ನಾಲ್ಕು ಅಂದ್ರೆ ಏನು?" ಅಂತ ನಾನೂ ಕೂಗಿದೆ.

ಅವಳು ದೋಣಿಯ ಅಂಚು ಹಿಡಿದು ತೇಲುತ್ತ ನನ್ನ ಮಡಿಲು ನೋಡಿದಳು, ಸುಲಿದ ಕೈ ನೋಡಿದಳು.

"ನಾಲ್ಕು ಕಸುಬಿಂದಲ್ಲ ಸಾಮಿ. ಅಪ್ಪಂದು ನಂದು. ಎಂಟು ವರ್ಸದೋಳು ಮೊದಲ್ನೇ ಸಲ ಇಳಿದೆ. ಕತ್ತಲೆ, ಅತ್ತುಬುಟ್ಟೆ. ಅಪ್ಪ ಮಾತಾಡಂಗಿಲ್ವಲ್ಲ, ಮೇಲಿಂದ ಹಗ್ಗಾನ ನಾಲ್ಕು ಸಲ ಎಳ್ದ. ನಾನಿದೀನಿ ಕಣವ್ವ ಅಂತ. ನಾನೂ ನಾಲ್ಕು ಎಳ್ದೆ. ನೀನಿದೀಯ, ನಂಗ್ ಅಷ್ಟು ಸಾಕು ಅಂತ." ಮುಖದ ಮೇಲಿನ ನೀರು ಒರೆಸಿಕೊಂಡಳು. "ಇವತ್ತು ತಳದಲ್ಲಿ ನಿಂತು ಮೇಲಕ್ಕೆ ನೋಡ್ದೆ. ಎಷ್ಟು ಬೆಳಕು ಅಂತೀರ! ದೋಣಿ ಕಂಡ್ತು, ಹಗ್ಗ ಕಂಡ್ತು, ನೀವು ಬಗ್ಗಿ ಕೂತಿರಾದೂ ಕಂಡ್ತು. ಬಾವಿ ತಳದಿಂದ ಅಪ್ಪನ ಮುಖ ಯಾವತ್ತೂ ಸರ್ಯಾಗಿ ಕಂಡಿರ್ಲಿಲ್ಲ. ಕೈ ತಾನೇ ಎಳೀತು."

ನಾನು ಜೋಲುಬಿದ್ದ ಹಗ್ಗವನ್ನು ಮತ್ತೆ ಕೈಗೆ ಸುತ್ತಿಕೊಂಡೆ.

"ಇನ್ನೊಂದ್ಸಲ ಇಳೀಲಾ?" ಅಂದಳು.

"ಇಳಿ."

ಒಂದು ಎಳೆತ ಬಂತು, ತಳ ಮುಟ್ಟಿದಳು. ನಾನು ಕಾಯಲಿಲ್ಲ. ಉರಿಯುವ ಕೈಯಲ್ಲೇ ಹಗ್ಗ ಹಿಡಿದು, ಮೆಲ್ಲಗೆ, ಒಂದು, ಎರಡು, ಮೂರು, ನಾಲ್ಕು ಎಳೆದೆ. ನನ್ನ ಜನ್ಮದಲ್ಲಿ ಹೊತ್ತಿಗೆ ಸರಿಯಾಗಿ ನಾನಾಗಿ ಆಡಿದ ಮೊದಲ ಮಾತು ಅದೇ ಇರಬೇಕು. ಕೆಳಗಿಂದ ಸ್ವಲ್ಪ ಹೊತ್ತು ಏನೂ ಬರಲಿಲ್ಲ. ಆಮೇಲೆ ಬಂತು. ನಾಲ್ಕು. ನಾನು ದೋಣಿಯಲ್ಲಿ ಕೂತು ಹೋ ಅಂತ ಅತ್ತೆ. ದೇವರ ಹೆಸರೂ ನೆನಪಾಗಲಿಲ್ಲ. ಚಿಕ್ಕನರಸಯ್ಯನಿಗೆ, ಜಾರಿದ ಮೊಹರಿಗೆ, ಆ ಕಾರ್ಡು ಬರೆದ ಯಾರೋ ಪುಣ್ಯಾತ್ಮನಿಗೆ ಮನಸ್ಸಿನಲ್ಲೇ ಕೈ ಮುಗಿದೆ.

ಊರಿಗೆ ಬಂದ ಎಂಟನೇ ದಿನ ಅಮ್ಮ ಹಿತ್ತಲಿಂದ ಕೂಗಿದಳು. "ಲೇ ರಂಗ, ತಾಮ್ರದ ಬಿಂದಿಗೆ ಬಾವಿಗೆ ಬಿದ್ದೋಯ್ತು ಬಾರೋ!"

ನನಗೆ ಬುದ್ಧಿ ಬಂದಾಗಿನಿಂದ ಅಮ್ಮನ ಕೈಯಿಂದ ಒಂದು ಚೆಂಬೂ ಜಾರಿದ್ದಿಲ್ಲ. ಅವಳ ಮುಖ ನೋಡಿದೆ. ಅವಳು ಬೇರೆ ಕಡೆ ನೋಡುತ್ತ, "ನಮ್ಮ ಬಾವಿ ತಾನೇ. ನಮ್ಮ ಬಿಂದಿಗೆ ತಾನೇ," ಅಂದಳು.

ನಾನೇ ಅಟ್ಟ ಹತ್ತಿ ಮಾವನ ಹಗ್ಗ ಇಳಿಸಿದೆ. ಹನುಮಿ ಕಚ್ಚೆ ಬಿಗಿದು ನಿಂತಿದ್ದಳು, ಕೆನ್ನೆಯಲ್ಲಿ ನಗು ಅದುಮಿಟ್ಟುಕೊಂಡು. ಇಳಿದಳು. ನಾನು ಕಲ್ಲಿಗೆ ಕಾಲು ಕೊಟ್ಟು ಹಗ್ಗ ಹಿಡಿದೆ. ಅಮ್ಮ ನನ್ನ ಹಿಂದೆ ಬಂದು, ಯಾರೂ ಹೇಳದೆಯೇ ಹಗ್ಗದ ತುದಿಯನ್ನು ತನ್ನ ಕೈಗೂ ಸುತ್ತಿಕೊಂಡಳು.

ತಳ ಮುಟ್ಟಿದ ಎಳೆತ ಬಂತು. ಆಮೇಲೆ, ನಾಲ್ಕು. ನಾನೂ ನಾಲ್ಕು ಎಳೆದೆ. ಹಗ್ಗದ ತುದಿ ಅಮ್ಮನ ಕೈಯಲ್ಲೂ ನಾಲ್ಕು ಸಲ ಅಲುಗಿತು.

"ಏನಂತಾವ್ಳೆ ಲಾ ಅವ್ಳು?"

ಹಗ್ಗ ಹಿಡಿದವನು ಮಾತಾಡುವ ಹಾಗಿಲ್ಲ. ಆದರೆ ಜೀವನದಲ್ಲಿ ಸುಮ್ಮನಿದ್ದು ಸುಮ್ಮನಿದ್ದು ಸಾಕಾಗಿತ್ತು. ಕಣ್ಣು ಹಗ್ಗದ ಮೇಲೇ ಇಟ್ಟು ಗಟ್ಟಿಯಾಗಿ ಹೇಳಿದೆ.

"ನಾನಂದ್ರೆ ಪ್ರಾಣ ಅಂತಾವ್ಳೆ ಕಣವ್ವ. ನಂಗೂ ಅವ್ಳಂದ್ರೆ ಪ್ರಾಣ ಅಂದೆ."

"ಥೂ, ನಾಚ್ಕೆ ಗೆಟ್ಟೋನೆ," ಅಂದಳು ಅಮ್ಮ. "ಅದನ್ನ ಹೇಳಾಕೆ ಅಷ್ಟು ಕೆಳೀಕ್ ಹೋಗ್ಬೇಕಿತ್ತಾ?"

ಬಾವಿಯೊಳಗಿಂದ ಹನುಮಿಯ ನಗು ಗೋಡೆಗೆ ಬಡಿದು ಬಡಿದು ಮೇಲಕ್ಕೆ ಬಂತು. ಮೂರು ಎಳೆತ ಬಂದವು. ನಾನೂ ಅಮ್ಮನೂ ಸೇರಿ ಅವಳನ್ನು ಮೇಲಕ್ಕೆ ಎಳೆದುಕೊಂಡೆವು.